ಮೀಟರಣ್ಣನ ಸಂಚಾರಿ ಜಲಮೂಲ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನನ್ನ ಹೆಂಡತಿಯ ದೊಡ್ಡಪ್ಪ. ಅವರು ನೀರು ಸರಬರಾಜು ಕಚೇರಿಯ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ಸುಳ್ಳು ಹೇಳುವ ಪೈಕಿಯವರಲ್ಲ. ಹೇಳಿದರೂ ಅದಕ್ಕೊಂದು ರಶೀದಿ ಇಟ್ಟುಕೊಂಡೇ ಹೇಳುವವರು. ಬೆಳಗಿನ ಪ್ರಾರ್ಥನೆ ಮುಗಿಸಿ, ಕುರ್ಚಿ ಎಳೆದುಕೊಂಡು ಕೂತು, ಮುಖದ ಒಂದು ಗೆರೆಯೂ ಅಲುಗದ ಹಾಗೆ ಹೇಳಿದರು. ಭಗವಂತ ಅವರಿಗೆ ಆಯುಸ್ಸು ಕೊಡಲಿ.

ಆ ನಗರದ ನೀರು ಸರಬರಾಜು ಕಚೇರಿಯಲ್ಲಿ ನೀರಿನ ಕೊರತೆ ಎಂಬುದು ಯಾವ ಕಾಲದಲ್ಲೂ ಇರಲಿಲ್ಲ. ಕೊರತೆ ಇದ್ದದ್ದು ನಗರದಲ್ಲಿ. ಕಚೇರಿ ಮೂರು ಮಹಡಿಯದು, ಪ್ರತಿ ಮಹಡಿಯಲ್ಲೂ ನಲ್ಲಿ, ಪ್ರತಿ ನಲ್ಲಿಯ ಮೇಲೂ "ನೀರನ್ನು ಮಿತವಾಗಿ ಬಳಸಿ" ಎಂಬ ಫಲಕ. ಫಲಕವನ್ನು ದಿನಾ ತೊಳೆಯಲು ಒಬ್ಬ ಆಳು.

ಅಲ್ಲಿ ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸ ಮಾಡುತ್ತಿದ್ದವನೊಬ್ಬನಿದ್ದ. ಊರೆಲ್ಲ ಅವನನ್ನು ಮೀಟರಣ್ಣ ಎನ್ನುತ್ತಿತ್ತು. ತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಂದು ಸೈಕಲ್ಲು, ಯಾರ ತಂಟೆಗೂ ಹೋಗದ ಸ್ವಭಾವ. ಅವನಿಗಿದ್ದ ಒಂದೇ ಒಂದು ಸಂಕಟ ಎಂದರೆ ಅವನ ಅಕ್ಕನ ಮನೆ. ಅದು ಗುಡ್ಡದ ಮೇಲಿನ ಹಿಂದಿನ ಓಣಿಯಲ್ಲಿತ್ತು. ಆ ಓಣಿಗೆ ಕೊಳಾಯಿ ಇಲ್ಲ. ಕೆಳಗಿನ ಬೀದಿಯ ನಲ್ಲಿಯಿಂದ ಕಲ್ಲುಮೆಟ್ಟಿಲು ಹತ್ತಿ ನೀರು ತರಬೇಕು. ಅಕ್ಕನ ಮಂಡಿ ಸವೆದು ಹೋಗಿತ್ತು. ಭಾವ ಹಾಸಿಗೆ ಹಿಡಿದಿದ್ದರು. ಒಂದು ಕಾಲದಲ್ಲಿ ಅವರು ನಗರದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವರು. ಈಗ ಅಕ್ಕ ಅವರ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು.

"ನೋಡಪ್ಪ," ಎನ್ನುತ್ತಿದ್ದರು ಭಾವ, "ನನಗೆ ಬೇರೆ ಆಸೆ ಇಲ್ಲ. ಒಂದೇ ಒಂದು ಸಲ, ನೆತ್ತಿ ಮೇಲೆ ಪೂರ್ತಿ ಒಂದು ಬಕೆಟ್ ನೀರು ದಬದಬ ಅಂತ ಸುರೀಬೇಕು. ಆಮೇಲೆ ದೇವರು ಕರೆದ್ರೆ ಹೊರಟೆ."

"ಕರೆದಾಗ ಒದ್ದೆ ಮೈಯಲ್ಲಿ ಹೋಗ್ತೀರಾ? ಸುಮ್ನಿರಿ," ಎನ್ನುತ್ತಿದ್ದಳು ಅಕ್ಕ.

ಮೀಟರಣ್ಣ ದಿನಾ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಿದ್ದ. ಹೋಗುವಾಗ ಕೆಳಗಿನ ನಲ್ಲಿಯಲ್ಲಿ ಎರಡು ಕೊಡ ತುಂಬಿಸಿ, ಎರಡು ಕೈಯಲ್ಲಿ ಹಿಡಿದು, ಮೆಟ್ಟಿಲು ಹತ್ತುತ್ತಿದ್ದ. ಆ ಮನೆಗೆ ಬರುತ್ತಿದ್ದ ನೀರು ಬಹುಪಾಲು ಅದೇ. ಕುಡಿಯಲು, ಬೇಯಿಸಲು, ಒರೆಸಲು ಸಾಲುತ್ತಿತ್ತು, ಸುರಿಯಲು ಸಾಲುತ್ತಿರಲಿಲ್ಲ. ಆದರೂ ಮನೆಯಲ್ಲಿ ನಿರಾಸೆ ಇರಲಿಲ್ಲ. ಯಾಕೆಂದರೆ ಓಣಿಯವರು ಹಾಕಿದ್ದ ಕೊಳಾಯಿ ಅರ್ಜಿ ಮಂಜೂರಾಗಿ, ನೀಲಿ ಬಣ್ಣದ ಪೈಪುಗಳು ಲಾರಿಯಲ್ಲಿ ಬಂದು ಮೆಟ್ಟಿಲ ಬುಡದಲ್ಲಿ ಬಿದ್ದಿದ್ದವು. ಅಗೆಯುವುದೊಂದೇ ಬಾಕಿ. ಎದುರು ಮನೆಯ ಟೈಲರಮ್ಮ ಆ ಪೈಪುಗಳ ಮೇಲೆ ಬಟ್ಟೆ ಒಣಗಿಸುತ್ತ, "ಸದ್ಯಕ್ಕೆ ಇಷ್ಟು ಉಪಯೋಗ ಆಯ್ತಲ್ಲ," ಎನ್ನುತ್ತಿದ್ದಳು.

ಪರಿಸ್ಥಿತಿ ಹೀಗಿರುವಾಗ ಕಚೇರಿಗೆ ಹೊಸ ಕೈಯಂತ್ರಗಳು ಬಂದವು.

ಹಳೆಯ ಕೈಯಂತ್ರಗಳು ಬ್ಯಾಟರಿಯವು. ಮನೆಯ ಮೀಟರಿನ ಅಂಕಿಯನ್ನು ಅದರಲ್ಲಿ ಒತ್ತಿದರೆ ಅದು ಕಚೇರಿಗೆ ಹೋಗಿ ಸೇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಸಾಯುತ್ತಿತ್ತು. ಸತ್ತ ಮೇಲೆ ಕಣ್ಣಾರೆ ಓದಿದ ಅಂಕಿಗೆ ಮಾನ್ಯತೆ ಇರಲಿಲ್ಲವಾದ್ದರಿಂದ ಸಿಬ್ಬಂದಿ ಮರದ ನೆರಳಿನಲ್ಲಿ ಕೂತು ಸಂಜೆಗಾಗಿ ಕಾಯುತ್ತಿದ್ದರು. ಇದನ್ನು ತಪ್ಪಿಸಲು ಒಂದು ಕಂಪನಿಯವನು ಟೈ ಕಟ್ಟಿಕೊಂಡು ಬಂದು, ಸಭಾಂಗಣದಲ್ಲಿ ದೊಡ್ಡ ಸಾಹೇಬರ ಮುಂದೆ ಹೊಸ ಯಂತ್ರ ಇಟ್ಟ.

"ಇದು ಬ್ಯಾಟರಿ ಅಲ್ಲ ಸಾರ್, ಇಂಧನ ಕೋಶ. ಬ್ಯಾಟರಿ ಅಂದ್ರೆ ತುಂಬಿಟ್ಟ ಕೊಡ ಇದ್ದ ಹಾಗೆ, ಖಾಲಿ ಆದ್ರೆ ಮುಗೀತು. ಇದು ಒಲೆ ಇದ್ದ ಹಾಗೆ. ಸೌದೆ ಹಾಕ್ತಾ ಇರಿ, ನಡೀತಾ ಇರುತ್ತೆ. ಈ ಪುಟ್ಟ ಡಬ್ಬೀಲಿ ಸ್ಪಿರಿಟ್ ಇದೆ. ಅದು ಗಾಳಿ ಜೊತೆ ಸೇರಿ ಕರೆಂಟ್ ಕೊಡುತ್ತೆ. ಡಬ್ಬಿ ಮುಗಿದ್ರೆ ಇನ್ನೊಂದು ಸಿಕ್ಕಿಸಿ. ಚಾರ್ಜು ಗೀರ್ಜು ಏನೂ ಬೇಡ."

"ಹೊಗೆ?"

"ಇಲ್ಲ ಸಾರ್."

"ಬೂದಿ?"

"ಅಯ್ಯೋ ಇಲ್ಲ ಸಾರ್. ಸ್ವಲ್ಪ ಬಿಸಿಗಾಳಿ ಬರುತ್ತೆ. ಆಮೇಲೆ... ಒಂದೆರಡು ಹನಿ ನೀರು."

ತೂಕಡಿಸುತ್ತಿದ್ದವರು ಎದ್ದು ಕೂತರು. ಆ ಕಚೇರಿಯಲ್ಲಿ ನೀರು ಬರುತ್ತದೆ ಎಂಬ ಮಾತನ್ನು ಯಾರಾದರೂ ಅಷ್ಟು ಸಲೀಸಾಗಿ ಆಡಿದ್ದು ಅದೇ ಮೊದಲು.

"ನೀರು ಬರುತ್ತಾ?" ದೊಡ್ಡ ಸಾಹೇಬರು ಕನ್ನಡಕ ತೆಗೆದರು. "ಕುಡಿಯೋ ನೀರಾ?"

"ಶುದ್ಧ ನೀರೇ ಸಾರ್. ಆದ್ರೆ ಕುಡೀಬೇಡಿ."

"ಪರವಾಗಿಲ್ಲ," ಎಂದರು ಸಾಹೇಬರು, "ನಮ್ಮ ನೀರಿಗೂ ಅದೇ ಸೂಚನೆ ಇದೆ."

ಯಂತ್ರಗಳನ್ನು ಕೊಂಡದ್ದಾಯಿತು. ಕಚೇರಿಯ ಸ್ವತ್ತನ್ನೆಲ್ಲ ಗಾಳಿಯಾಡದ ಚೀಲದಲ್ಲಿ ಭದ್ರವಾಗಿ ಮುಚ್ಚಿಟ್ಟೇ ಬಳಸತಕ್ಕದ್ದು ಎಂಬ ಹಳೆಯ ನಿಯಮವಿತ್ತು. ಹಾಗೆ ಮುಚ್ಚಿದೊಡನೆ ಯಂತ್ರಗಳು ಉಸಿರುಗಟ್ಟಿ ಆರಿಹೋದವು. ಚೀಲಕ್ಕೆ ತೂತು ಮಾಡಿದರೆ ಸ್ವತ್ತಿಗೆ ಹಾನಿ ಮಾಡಿದಂತೆ. ಆದ್ದರಿಂದ ಚೀಲಗಳನ್ನು ಹಾಗೆಯೇ ಉಳಿಸಿಕೊಂಡು, ತೂತುಗಳನ್ನು ಮಾತ್ರ ಪ್ರತ್ಯೇಕವಾಗಿ ಟೆಂಡರ್ ಕರೆದು ತರಿಸಲಾಯಿತು. ತೂತುಗಳ ದಾಸ್ತಾನು ಬಂದಾಗ ಅದನ್ನು ಉಗ್ರಾಣದಲ್ಲಿ ಬರಮಾಡಿಕೊಂಡವರು ನನ್ನ ಹೆಂಡತಿಯ ದೊಡ್ಡಪ್ಪನವರೇ. ಎಣಿಕೆ ಸರಿಯಿತ್ತಂತೆ.

ಮೀಟರಣ್ಣ ಮೊದಲ ದಿನ ಯಂತ್ರವನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹೊರಟ. ಮೂರನೇ ಬೀದಿಗೆ ಬರುವಷ್ಟರಲ್ಲಿ ಜೇಬಿನ ಕೆಳಗೆ ಒದ್ದೆ ಕಲೆ ಮೂಡಿತ್ತು. ಬಾಗಿಲು ತೆರೆದ ಅಜ್ಜಿಯೊಬ್ಬಳು ಮುಖ ನೋಡಿದಳು, ಪ್ಯಾಂಟು ನೋಡಿದಳು.

"ಏನಪ್ಪಾ, ದಾರೀಲಿ ಎಲ್ಲೂ ಜಾಗ ಸಿಗಲಿಲ್ವಾ?"

"ಅಜ್ಜಿ, ಇದು ಯಂತ್ರದ್ದು."

"ಹೂಂ, ನಮ್ಮ ಯಜಮಾನ್ರೂ ಕೊನೆ ಕೊನೆಗೆ ಹೀಗೇ ಏನೇನೋ ಹೇಳೋರು. ನಾಚ್ಕೋಬೇಡ, ಡಾಕ್ಟರಿಗೆ ತೋರ್ಸು."

ಅಂದಿನಿಂದ ಅವನು ಯಂತ್ರವನ್ನು ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ. ಅದು ಎದೆಯ ಮೇಲೆ ಬೆಚ್ಚಗೆ ಕೂತು, ನಿಧಾನವಾಗಿ, ನೆನಪಾದಾಗ ಒಂದು ಹನಿ ಉದುರಿಸುತ್ತಿತ್ತು. ಒಂದು ಡಬ್ಬಿ ಮುಗಿಯುವುದರೊಳಗೆ ಒಂದು ಚಮಚ ತುಂಬುವುದೂ ಕಷ್ಟ. ಆದರೆ ಒಂದು ದಿನ ಹನಿ ಬಿದ್ದದ್ದು ಕಚೇರಿಯ ಕಾರಿಡಾರಿನಲ್ಲಿ, ಅದೂ ಸೋರಿಕೆ ವಿಭಾಗದ ಬಾಗಿಲ ಮುಂದೆ.

ಸೋರಿಕೆ ವಿಭಾಗದಲ್ಲಿ ಒಬ್ಬರೇ ಅಧಿಕಾರಿ ಇದ್ದರು. ಅವರನ್ನು ಎಲ್ಲರೂ ಸೋರಿಕೆ ಸಾಹೇಬರು ಎನ್ನುತ್ತಿದ್ದರು. ನಗರದ ಅರ್ಧ ನೀರು ಭೂಮಿಯೊಳಗೇ ಸೋರಿಹೋಗುತ್ತಿತ್ತು. ಅದು ಕಣ್ಣಿಗೆ ಕಾಣದ್ದರಿಂದ ಅವರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಇದು ಕಂಡಿತು. ಅವರು ಕುಕ್ಕರಗಾಲಲ್ಲಿ ಕೂತು, ಹನಿಯನ್ನು ಬೆರಳಿನಿಂದ ಮುಟ್ಟಿ, ಮೀಟರಣ್ಣನನ್ನು ಕರೆದರು.

"ಈ ನೀರಿನ ಮೂಲ ಯಾವುದು?"

"ಯಂತ್ರ ಸಾರ್."

"ಯಂತ್ರಕ್ಕೆ ಎಲ್ಲಿಂದ ಬಂತು? ಕೆರೆಯಿಂದಾನಾ, ಬೋರ್‌ವೆಲ್ಲಿಂದಾನಾ?"

"ಗಾಳಿ, ಸ್ಪಿರಿಟ್ಟು ಸೇರಿ ಹುಟ್ಟುತ್ತಂತೆ ಸಾರ್."

"ಹುಟ್ಟುತ್ತೆ!" ಸೋರಿಕೆ ಸಾಹೇಬರು ಎದ್ದು ನಿಂತರು. ಅವರ ಕಣ್ಣಲ್ಲಿ ನೀರಾಡಿತು. "ಇಷ್ಟು ವರ್ಷ ನಾನು ನೀರು ಹೋಗೋದನ್ನ ಮಾತ್ರ ನೋಡಿದೀನಯ್ಯಾ. ಹುಟ್ಟೋದನ್ನ ಇವತ್ತು ನೋಡ್ದೆ."

ಪರಿಣಾಮವಾಗಿ ಕೆಳಕಂಡ ಸುತ್ತೋಲೆ ಹೊರಬಿತ್ತು:

"ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ನಗರದ ಮಿತಿಯೊಳಗೆ ಹುಟ್ಟುವ ಯಾವುದೇ ನೀರು ಕಚೇರಿಯ ನೀರಾಗಿರತಕ್ಕದ್ದು. ಹೊಸ ಕೈಯಂತ್ರಗಳನ್ನು ಇನ್ನು ಮುಂದೆ ಸಂಚಾರಿ ಜಲಮೂಲಗಳೆಂದು ಪರಿಗಣಿಸತಕ್ಕದ್ದು. ಸದರಿ ಜಲಮೂಲವು ಎಲ್ಲಿ ಹೆಚ್ಚು ಹೊತ್ತು ತಂಗುವುದೋ ಅಲ್ಲಿ ನೀರು ವಿತರಣೆಯಾಯಿತೆಂದು ಭಾವಿಸತಕ್ಕದ್ದು. ಜಲಮೂಲದ ಬಳಿ ಕೆಮ್ಮುವುದು, ಉಗುಳುವುದು, ಬಟ್ಟೆ ಒಗೆಯುವುದು ನಿಷಿದ್ಧ."

ಮೀಟರಣ್ಣ ಅದನ್ನು ಓದಿ, ತನ್ನ ಎದೆಯ ಮೇಲಿನ ಜಲಮೂಲದ ಬಳಿ ಕೆಮ್ಮು ಬಂದದ್ದನ್ನು ನುಂಗಿಕೊಂಡ. ಅದರಿಂದ ತನಗೇನು ಎಂದುಕೊಂಡ. ಯಂತ್ರವು ತಾನು ಎಲ್ಲಿದ್ದೇನೆಂಬುದನ್ನು ಕ್ಷಣಕ್ಷಣವೂ ಕಚೇರಿಗೆ ತಾನೇ ತಿಳಿಸುತ್ತಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಆ ಯಂತ್ರ ಇಡೀ ಊರು ಸುತ್ತಿದರೂ ಹೆಚ್ಚು ಹೊತ್ತು ತಂಗುತ್ತಿದ್ದದ್ದು ಒಂದೇ ಕಡೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಊಟಕ್ಕೆ ಕೂರುವಾಗ ಅವನು ಅದನ್ನು ಕೊರಳಿಂದ ತೆಗೆದು ಅಕ್ಕನ ಮನೆಯ ಕಿಟಕಿಯ ಮೊಳೆಗೆ ತೂಗುಹಾಕುತ್ತಿದ್ದ. ಅಕ್ಕ ಅದರ ಕೆಳಗೆ ಒಂದು ಬಟ್ಟಲು ಇಡುತ್ತಿದ್ದಳು. ನೀರನ್ನು ನೆಲಕ್ಕೆ ಬೀಳಗೊಡುವುದು ಅವಳ ಜಾಯಮಾನದಲ್ಲಿರಲಿಲ್ಲ.

"ಇದರಿಂದ ಏನೇ ಮಾಡ್ತೀಯಾ?" ಎಂದು ಭಾವ ಹಾಸಿಗೆಯಿಂದ ಕೇಳುತ್ತಿದ್ದರು.

"ನಿಮಗೆ ಈಜೋಕೆ ಕೂಡಿಡ್ತಿದೀನಿ."

ಮೀಟರಣ್ಣ ನಗುತ್ತ ಎರಡು ತುತ್ತು ಹೆಚ್ಚು ತಿನ್ನುತ್ತಿದ್ದ.

ಒಂದು ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಲಾರಿ ನಿಂತಿತ್ತು. ಆಳುಗಳು ಪೈಪುಗಳನ್ನು ಮೇಲೆತ್ತುತ್ತಿದ್ದರು. ಟೈಲರಮ್ಮ ತನ್ನ ಒದ್ದೆ ಬಟ್ಟೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೈಯುತ್ತಿದ್ದಳು. ಲಾರಿಯವನು ಸಮಾಧಾನವಾಗಿ, "ನಿಮಗೆ ನೀರು ಬಂದಿದೆಯಂತಲ್ಲಮ್ಮಾ, ಇನ್ನು ಪೈಪ್ ಯಾಕೆ? ಇದನ್ನ ಕಚೇರಿ ಮುಂದಿನ ಕಾರಂಜಿಗೆ ಹಾಕ್ತಾರೆ," ಎಂದ.

"ನೀರು ಬಂದಿದೆಯಾ? ಯಾವ ಬಾಯಿಗೆ ಬಂದಿದೆಯೋ?"

"ನನಗೇನು ಗೊತ್ತು? ನಾನು ಬರೀ ಲಾರಿ."

ಮೀಟರಣ್ಣ ಸೈಕಲ್ಲನ್ನು ತಿರುಗಿಸಿ ನೇರ ಕಚೇರಿಗೆ ಹೋದ. ದೊಡ್ಡ ಸಾಹೇಬರು ಒಳ್ಳೆಯ ಮನಃಸ್ಥಿತಿಯಲ್ಲಿದ್ದರು. ಗೋಡೆಯ ಮೇಲೆ ನಗರದ ನಕ್ಷೆ. ನೀರು ತಲುಪಿದ ಕಡೆಯೆಲ್ಲ ಹಸಿರು ಬಣ್ಣ. ಹಿಂದಿನ ಓಣಿಯ ಮೇಲೆ ಹಚ್ಚಿದ ಹಸಿರು ಇನ್ನೂ ಒಣಗಿರಲಿಲ್ಲ.

"ಬನ್ನಿ ಬನ್ನಿ. ನಿಮ್ಮನ್ನೇ ನೆನೆಸಿಕೊಳ್ತಿದ್ದೆ. ನೀರಿಲ್ಲದ ಮನೆ ಇಲ್ಲದ ನಗರ ಅಂತ ಘೋಷಣೆ ಮಾಡೋಕೆ ಅದೊಂದು ಓಣಿ ಅಡ್ಡ ಬಂದಿತ್ತು ನೋಡಿ. ನೀವು ಸದ್ದಿಲ್ಲದೆ ದಿನಾ ಒಯ್ದು ಕೊಟ್ಟುಬಿಟ್ಟಿದೀರಿ."

"ಸಾರ್, ಅದು ಒಂದು ಚಮಚ ಕೂಡ ಇರಲ್ಲ."

"ಅದು ಪ್ರಮಾಣದ ವಿಷಯ. ನಾವು ಮಾತಾಡ್ತಿರೋದು ಪೂರೈಕೆ ವಿಷಯ. ಎರಡಕ್ಕೂ ಬೇರೆ ಬೇರೆ ವಿಭಾಗ ಇದೆ."

"ಅದು ನೀರೇ ಅಲ್ಲ ಸಾರ್!"

"ನೀರಲ್ವಾ?" ಸಾಹೇಬರು ನೊಂದುಕೊಂಡರು. "ಪ್ರಯೋಗಾಲಯದವರು ನೀರು ಅಂತಾನೇ ಬರೆದುಕೊಟ್ಟಿದಾರೆ. ನಮ್ಮ ನಲ್ಲಿ ನೀರನ್ನ ಕಳಿಸಿದಾಗ್ಲೂ ಅಷ್ಟು ಧೈರ್ಯವಾಗಿ ಬರೆದಿರ್ಲಿಲ್ಲ."

ಮೀಟರಣ್ಣ ಮೇಜಿನ ಹತ್ತಿರಕ್ಕೆ ಸರಿದ. "ಸಾರ್, ದಯವಿಟ್ಟು ಕೇಳಿ. ನಾನು ಅಲ್ಲಿಗೆ ನೀರು ಕೊಡೋಕೆ ಹೋಗ್ತಿರಲಿಲ್ಲ. ಊಟಕ್ಕೆ ಹೋಗ್ತಿದ್ದೆ. ಅದು ನಮ್ಮ ಅಕ್ಕನ ಮನೆ."

ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿದರು. ವಾಪಸು ಬಂದು ಕೂತು, ಬಹಳ ಮೃದುವಾಗಿ ಮಾತಾಡಿದರು.

"ಇದನ್ನ ನಾನು ಕೇಳಿಸ್ಕೊಳ್ಳಲಿಲ್ಲ. ಯಾಕೆ ಅಂದ್ರೆ ಕೇಳಿಸ್ಕೊಂಡ್ರೆ ನಾನು ಬರೀಬೇಕಾಗುತ್ತೆ. ಕೆಲಸದ ಹೊತ್ತಲ್ಲಿ, ಒಂದು ಮೀಟರೂ ಇಲ್ಲದ ಓಣೀಲಿ, ಕಚೇರಿ ಯಂತ್ರಾನ ಚಾಲೂ ಇಟ್ಟು, ಕಚೇರಿ ಸ್ಪಿರಿಟ್ಟು ಸುಟ್ಕೊಂಡು, ದಿನಾ ಮನೆ ಊಟ. ಇದಕ್ಕೆ ಅಮಾನತು. ಇಲ್ಲಾ, ಅದೇ ಹೊತ್ತಲ್ಲಿ, ಅದೇ ಜಾಗದಲ್ಲಿ, ಅದೇ ಯಂತ್ರದಿಂದ ನೀರು ವಿತರಣೆ. ಇದಕ್ಕೆ ಶಾಲು, ಹಾರ. ನಡೆದಿರೋದು ಒಂದೇ. ಯಾವುದು ಬರೀಲಿ, ನೀವೇ ಹೇಳಿ. ನಿಮಗೆ ಎಷ್ಟು ಮಕ್ಕಳು ಅಂದ್ರಿ?"

"ಹೇಳಿಲ್ಲ ಸಾರ್. ಇಬ್ಬರು."

"ದೇವರು ಚೆನ್ನಾಗಿಟ್ಟಿರಲಿ," ಎಂದು ಸಾಹೇಬರು ಕಾಗದ ಮುಂದೆ ತಳ್ಳಿದರು.

ಮೀಟರಣ್ಣ ಸಹಿ ಮಾಡಿದ. ಹೊರಗೆ ಬಂದಾಗ ಜವಾನ ಕೈಕುಲುಕಿದ. ಎದೆಯ ಮೇಲೆ ಯಂತ್ರ ಒಂದು ಹನಿ ಉದುರಿಸಿತು. ಸೋರಿಕೆ ಸಾಹೇಬರು ಕಾರಿಡಾರಿನಲ್ಲಿ ನಿಂತು ಅದಕ್ಕೆ ಕೈಮುಗಿದರು.

ಅಕ್ಕನಿಗೆ ಹೇಳುವುದು ಸಾಹೇಬರಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅವಳು ಭಾವನ ಬೆನ್ನು ಒರೆಸುತ್ತಿದ್ದಳು. ಎಲ್ಲವನ್ನೂ ಕೇಳಿ ಮುಗಿಯುವ ತನಕ ಒರೆಸುವುದನ್ನು ನಿಲ್ಲಿಸಲಿಲ್ಲ.

"ಸಹಿ ಹಾಕ್ಬಿಟ್ಯಾ?"

"ಹಾಕ್ದೆ ಅಕ್ಕ."

"ಪೆನ್ನು ಯಾರದು? ನಿಂದೋ, ಅವರದೋ?"

"ಅವರದು."

"ಸದ್ಯ. ಅಷ್ಟಾದ್ರೂ ಉಳೀತು."

ಭಾವ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು: "ಹಾಗಾದ್ರೆ ಪೈಪ್ ಬರಲ್ವೇನಪ್ಪಾ?"

ಅಕ್ಕ ಒದ್ದೆ ಬಟ್ಟೆಯನ್ನು ಹಿಂಡಿದಳು. ಆಮೇಲೆ ಭಾವ ತಾವೇ, "ಕಾರಂಜಿ ಒಳ್ಳೇದೇ. ನೀರು ಮೇಲಿಂದ ಬೀಳುತ್ತೆ," ಎಂದರು.

ಮುಂದಿನ ವಾರ ಕಾರಂಜಿಯ ಉದ್ಘಾಟನೆಯಾಯಿತು. ನಗರವನ್ನು ನೀರಿಲ್ಲದ ಮನೆ ಇಲ್ಲದ ನಗರ ಎಂದು ಘೋಷಿಸಲಾಯಿತು. ಮೀಟರಣ್ಣನಿಗೆ ಶಾಲು ಹೊದಿಸಲಾಯಿತು. ಶಾಲಿನ ಕೆಳಗೆ ಯಂತ್ರಕ್ಕೆ ಗಾಳಿ ಸಿಗದೆ ಅದು ಆರಿಹೋದ್ದರಿಂದ, ಆ ಐದು ನಿಮಿಷ ಹಿಂದಿನ ಓಣಿಯ ನೀರು ಪೂರೈಕೆಯಲ್ಲಿ ವ್ಯತ್ಯಯವಾಗಿದೆಯೆಂದು ಧ್ವನಿವರ್ಧಕದಲ್ಲಿ ವಿಷಾದ ವ್ಯಕ್ತಪಡಿಸಲಾಯಿತು.

ಆಮೇಲೆ ವಿತರಣೆ ಕ್ರಮಬದ್ಧವಾಯಿತು. ಮೀಟರಣ್ಣ ದಿನಾ ಮಧ್ಯಾಹ್ನ ಓಣಿಯ ನಡುವೆ ಒಂದು ಸ್ಟೂಲಿನ ಮೇಲೆ ನಿಂತು ಯಂತ್ರವನ್ನು ಹಿಡಿಯಬೇಕು. ಮನೆಯವರು ಸರದಿಯಲ್ಲಿ ಪಾತ್ರೆ ಹಿಡಿಯಬೇಕು. ಹೊಸ ನಿಯಮವೂ ಬಂತು: "ವಿತರಣೆಯ ಅವಧಿಯಲ್ಲಿ ಸಿಬ್ಬಂದಿಯ ಎರಡೂ ಕೈಗಳು ಜಲಮೂಲದ ಮೇಲಿರತಕ್ಕದ್ದು. ಸದರಿ ಸಿಬ್ಬಂದಿಯು ಓಣಿಯಲ್ಲಿ ಯಾವ ಹೊತ್ತಿನಲ್ಲಾದರೂ ಬೇರೆ ನೀರನ್ನು ಮುಟ್ಟಿದಲ್ಲಿ ಅದನ್ನು ಕಲಬೆರಕೆಯೆಂದು ಪರಿಗಣಿಸಲಾಗುವುದು."

ಎಂದರೆ, ಅವನು ಇನ್ನು ಕೊಡ ಹೊರುವಂತಿರಲಿಲ್ಲ.

ನೀರು ಸರಬರಾಜು ಶುರುವಾದ ಆ ದಿನವೇ ಅಕ್ಕನ ಮನೆಗೆ ಬರುತ್ತಿದ್ದ ಎರಡು ಕೊಡ ನೀರು ನಿಂತಿತು. ಇದನ್ನು ಕಚೇರಿ ಗಮನಿಸಲಿಲ್ಲ. ಆ ಎರಡು ಕೊಡ ಯಾವ ನಕ್ಷೆಯಲ್ಲೂ ಇರಲಿಲ್ಲ.

ಮೊದಲ ದಿನ ಓಣಿಯವರು ಉರಿದುಬಿದ್ದರು. ಟೈಲರಮ್ಮ ಮನೆಯಲ್ಲಿದ್ದ ಅತಿ ದೊಡ್ಡ ಕಡಾಯಿ ತಂದು ಸ್ಟೂಲಿನ ಕೆಳಗೆ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬಿಡಪ್ಪಾ ಮೀಟರಣ್ಣ, ತುಂಬ್ಸು. ನಾನೇನು ಅವಸರದಲ್ಲಿಲ್ಲ. ಮೊಮ್ಮಕ್ಕಳು ಬಂದು ಎತ್ಕೊಂಡು ಹೋಗ್ತಾರೆ."

ಮೀಟರಣ್ಣ ತಲೆ ತಗ್ಗಿಸಿದ. ತಗ್ಗಿಸಿದ ತಲೆಯಿಂದ ಒಂದು ಬೆವರ ಹನಿ ಕಡಾಯಿಗೆ ಬಿತ್ತು. ಅದು ಯಂತ್ರ ಕೊಟ್ಟದ್ದಕ್ಕಿಂತ ದಪ್ಪಗಿತ್ತು.

ಎಲ್ಲದಕ್ಕೂ ಮನುಷ್ಯ ಹೊಂದಿಕೊಳ್ಳುತ್ತಾನೆ. ಭಗವಂತ ಹಾಗೆ ಮಾಡಿದ್ದಾನೆ. ಸ್ವಲ್ಪ ದಿನದಲ್ಲಿ ಓಣಿಯಲ್ಲಿ ಸರದಿಗಾಗಿ ಜಗಳ ಶುರುವಾಯಿತು. ಕೊನೆಯ ಮನೆಯವರು ತಮಗೆ ಒತ್ತಡ ಕಡಿಮೆ ಎಂದು ದೂರು ಕೊಟ್ಟರು. ಕಂಪನಿಯವನು ಬಂದು, ಯಂತ್ರ ಹೆಚ್ಚು ಕೆಲಸ ಮಾಡಿದಷ್ಟೂ ನೀರು ಹೆಚ್ಚು ಎಂದು ವಿವರಿಸಿದ. ಆದ್ದರಿಂದ ವಿತರಣೆಯ ಹೊತ್ತಿನಲ್ಲಿ ಯಂತ್ರದ ದೀಪ ಹಾಕಿ, ಗಂಟೆ ಬಾರಿಸಿ, ಇಲ್ಲದ ಮೀಟರುಗಳ ಇಲ್ಲದ ಅಂಕಿಗಳನ್ನು ಒತ್ತುತ್ತಿರಬೇಕೆಂದು ಆದೇಶವಾಯಿತು. ಮೀಟರಣ್ಣ ಸ್ಟೂಲಿನ ಮೇಲೆ ನಿಂತು ಮನಸ್ಸಿಗೆ ಬಂದ ಅಂಕಿ ಒತ್ತಿದ. ಒತ್ತಿದ ಅಂಕಿಗಳೆಲ್ಲ ಕಚೇರಿಗೆ ಹೋಗಿ ಸೇರಿದವು. ತಿಂಗಳ ಕೊನೆಗೆ ಆ ಅಂಕಿಗಳ ಮೇಲೆ ಓಣಿಗೆ ನೀರಿನ ಬಿಲ್ಲು ಬಂತು.

"ನಮ್ಮನೆ ಬಿಲ್ಲು ನಿಮ್ಮನೆಗಿಂತ ಜಾಸ್ತಿ," ಎಂದು ಟೈಲರಮ್ಮ ಅಕ್ಕನ ಮುಂದೆ ಹೇಳಿಕೊಂಡಳು. ಅವಳ ದನಿಯಲ್ಲಿ ಬೇಸರದ ಜೊತೆ ಬೇರೆ ಏನೋ ಇತ್ತು.

ಅಕ್ಕ ಈಗ ತಾನೇ ಮೆಟ್ಟಿಲು ಇಳಿದು ಹತ್ತುತ್ತಿದ್ದಳು. ದೊಡ್ಡ ಕೊಡ ಬಿಟ್ಟು ಸಣ್ಣ ಕೊಡ ಹಿಡಿದಳು. ಸಣ್ಣ ಕೊಡ ಅರ್ಧಕ್ಕಿಳಿಯಿತು. ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಂತು ಉಸಿರು ಬಿಡುತ್ತಿದ್ದಳು. ಭಾವನ ಮೈ ದಿನ ಬಿಟ್ಟು ದಿನ ಒರೆಸುವುದಾಯಿತು. ಸ್ಟೂಲಿನ ಮೇಲಿಂದ ಮೀಟರಣ್ಣ ಇದನ್ನು ನೋಡುತ್ತಿದ್ದ. ಕೈ ಎರಡೂ ಜಲಮೂಲದ ಮೇಲಿದ್ದವು.

ಹೀಗಿರಲಾಗಿ, ಕಚೇರಿಗೆ ಒಬ್ಬಳು ಎಳೆಯ ಇಂಜಿನಿಯರಮ್ಮ ಹೊಸದಾಗಿ ಬಂದಳು. ಕೆಲಸಕ್ಕೆ ಹೊಸಬಳಾದ್ದರಿಂದ ಊರು ಸುತ್ತಿ ನೋಡುವ ಅಭ್ಯಾಸ ಅವಳಿಗೆ ಇನ್ನೂ ಹೋಗಿರಲಿಲ್ಲ. ಹಸಿರು ಬಳಿದ ಓಣಿಯಲ್ಲಿ ಪೈಪೇ ಇಲ್ಲದ್ದು ಕಂಡು, ಒಂದು ಮಧ್ಯಾಹ್ನ ನೇರ ಅಲ್ಲಿಗೇ ಬಂದಳು. ವಿತರಣೆ ನಡೆಯುತ್ತಿತ್ತು. ಯಂತ್ರ ಗಂಟೆ ಬಾರಿಸುತ್ತಿತ್ತು. ಅವಳು ಸ್ಟೂಲನ್ನೂ, ಮೀಟರಣ್ಣನನ್ನೂ, ಸರದಿಯಲ್ಲಿ ನಿಂತ ಪಾತ್ರೆಗಳನ್ನೂ ಬಹಳ ಹೊತ್ತು ನೋಡಿದಳು.

"ಅಮ್ಮಾ," ಎಂದಳು ಸರದಿಯ ಮೊದಲಲ್ಲಿದ್ದ ಅಕ್ಕನಿಗೆ, "ನಿಜ ಹೇಳಿ. ನಿಮ್ಮ ಓಣಿಗೆ ನೀರು ಬರುತ್ತಾ? ಬರಲ್ಲ ಅಂತ ಒಬ್ಬರು ಹೇಳಿದ್ರೂ ಸಾಕು. ಉಗ್ರಾಣದಲ್ಲಿ ಇನ್ನೂ ಪೈಪ್ ಉಳಿದಿದೆ, ನಾನೇ ನಿಂತು ಹಾಕಿಸ್ತೀನಿ. ಆದ್ರೆ ಬರುತ್ತೆ ಅಂತ ಬರೆದುಕೊಟ್ಟವರು ಯಾರು ಅಂತ ಮೊದಲು ವಿಚಾರಣೆ ಆಗುತ್ತೆ. ಸುಳ್ಳು ಸಹಿ ಹಾಕಿದವರನ್ನ ಮನೆಗೆ ಕಳಿಸ್ತಾರೆ."

ಟೈಲರಮ್ಮ ಬಾಯಿ ತೆರೆದಳು, ಅಕ್ಕನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡಳು. ಮೀಟರಣ್ಣ ಸ್ಟೂಲಿನ ಮೇಲಿಂದಲೇ, "ಅಕ್ಕ, ಹೇಳಿಬಿಡು," ಎಂದ. "ನನ್ನ ಯೋಚನೆ ಮಾಡ್ಬೇಡ. ಹೇಳಿಬಿಡೇ."

ಅಕ್ಕ ಅವನ ಕಡೆ ತಿರುಗಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಬರುತ್ತಮ್ಮಾ," ಎಂದಳು. "ಯಾಕೆ ಬರಲ್ಲ? ನನ್ನ ತಮ್ಮನೇ ತರ್ತಾನೆ."

"ಸಾಕಾಗುತ್ತಾ?"

"ಹೊರೋಕೆ ಆಗದಷ್ಟು ಬರುತ್ತೆ."

ಒಳಗಿನಿಂದ ಭಾವ, ಈಜುಕೊಳದ ಆ ಕಡೆಯ ದಂಡೆಗೂ ಕೇಳಿಸುತ್ತಿದ್ದ ತಮ್ಮ ಹಳೆಯ ದನಿಯಲ್ಲಿ ಕೂಗಿದರು: "ಬರುತ್ತೆ, ಬರುತ್ತೆ! ನಿನ್ನೆ ತಾನೇ ಈಜಿದೀನಿ!"

ಆಮೇಲೆ ಟೈಲರಮ್ಮ ಬರುತ್ತದೆ ಎಂದಳು. ಕೊನೆಯ ಮನೆಯವರೂ, ಒತ್ತಡ ಕಡಿಮೆ, ಆದರೆ ಬರುತ್ತದೆ ಎಂದರು. ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಇಂಜಿನಿಯರಮ್ಮ ಎಲ್ಲವನ್ನೂ ಬರೆದುಕೊಂಡಳು. ಹೋಗುವ ಮುಂಚೆ ಬಾಯಾರಿಕೆಯಾಗಿ ಒಂದು ಲೋಟ ನೀರು ಕೇಳಿದಳು. ಅಕ್ಕ ಒಳಗೆ ಹೋಗಿ, ಮನೆಯಲ್ಲಿ ಉಳಿದಿದ್ದ ನೀರನ್ನು ತುಂಬಿ ತಂದು ಕೊಟ್ಟಳು. ಅವಳು ಕುಡಿದು, ಚೆನ್ನಾಗಿದೆ ಎಂದು, ಅದನ್ನೂ ಬರೆದುಕೊಂಡು ಹೋದಳು. ಇಂದಿಗೂ ಆ ನಕ್ಷೆಯಲ್ಲಿ ಅತ್ಯಂತ ಗಾಢವಾದ ಹಸಿರು ಹಿಂದಿನ ಓಣಿಯದೇ.

ಅಕ್ಕ ಖಾಲಿ ಲೋಟವನ್ನು ಕಿಟಕಿಯಲ್ಲಿಟ್ಟು, ಸಣ್ಣ ಕೊಡ ಎತ್ತಿಕೊಂಡು, ಮೆಟ್ಟಿಲ ಕಡೆ ನಡೆದಳು. ಸ್ಟೂಲಿನ ಪಕ್ಕ ಹಾದುಹೋಗುವಾಗ, "ಗಟ್ಟಿಯಾಗಿ ಹಿಡ್ಕೊಳೋ, ಚೆಲ್ಲೀಯ," ಎಂದಳು.

ಮೀಟರಣ್ಣ ಗಟ್ಟಿಯಾಗಿ ಹಿಡಿದುಕೊಂಡ.

ನನ್ನ ಹೆಂಡತಿಯ ದೊಡ್ಡಪ್ಪ ಇಷ್ಟು ಹೇಳಿ, ಇದನ್ನು ನಾಲ್ಕು ಜನಕ್ಕೆ ಹೇಳು ಎಂದರು. ನಾನು ನಿಮಗೆ ಹೇಳಿದ್ದೇನೆ. ನೀವು ಇನ್ನೊಬ್ಬರಿಗೆ ಹೇಳಿ. ಹೇಳುವ ಮುಂಚೆ ಕೇಳುವವರಿಗೆ ಒಂದು ಲೋಟ ನೀರು ಕೊಡಿ. ಅದನ್ನು ಹೊತ್ತು ತಂದವರು ಯಾರೆಂದು ಅವರು ಕೇಳಿದರೆ, ಆಗ ಕಥೆ ಶುರುಮಾಡಿ.